ದೀಪ ಆರಿಸಿದ ಮೇಲಿನ ಸಾಲು

ನನ್ನ ಮಗಳು ಜನರೆದುರು ನಿಂತು ಪದ್ಯ ಹೇಳಲಿದ್ದಾಳೆ ಎಂಬ ಸುದ್ದಿ ನನಗೆ ಅವಳಿಂದ ತಿಳಿಯಲಿಲ್ಲ, ಒಂದು ಲಂಗದಿಂದ ತಿಳಿಯಿತು. ಬೇಸ್‌ಮೆಂಟಿನಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡಿನ ಮೇಲೆ ನೆಲ ಗುಡಿಸುವಷ್ಟು ಉದ್ದದ ಕರಿಯ ಲಂಗ, ಅದರ ಪಕ್ಕದಲ್ಲಿ ಕೊರಳಿನವರೆಗೂ ಹುಕ್ಕುಗಳಿದ್ದ ಒಂದು ಜಾಕೀಟು ನೇತಾಡುತ್ತಿದ್ದವು. ನಾನು ಈ ಚಳಿ ದೇಶದ ಸ್ಟ್ರೀಟ್ಸ್‌ವಿಲ್ ಊರಿನ ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಕೂತು ಊರವರ ಪ್ಯಾಂಟು ಮೊಟಕು ಮಾಡುವವಳು. ಬಟ್ಟೆ ಕಂಡರೆ ಮೊದಲು ಹೊಲಿಗೆ ನೋಡುತ್ತೇನೆ, ಯಾರದೆಂದು ಆಮೇಲೆ ಕೇಳುತ್ತೇನೆ. ಹೊಲಿಗೆ ಇತ್ತೀಚಿನದು, ಮಿಷಿನ್ನಿನದು. ಆದರೆ ಕೊರಳಪಟ್ಟಿಯ ಹುಕ್ಕುಗಳಲ್ಲಿ ಒಂದಕ್ಕೂ ಕೊಕ್ಕೆಯ ಬಾಗು ಉಳಿದಿರಲಿಲ್ಲ, ಯಾರೋ ಒಳಗಿನಿಂದ ಜಗ್ಗಿದ ಹಾಗೆ ಎಲ್ಲವೂ ಸೆಟೆದು ನೆಟ್ಟಗಾಗಿದ್ದವು.

ಮಗಳು ಮೆಟ್ಟಿಲ ಮೇಲೆ ನಿಂತು ನಾನು ನೋಡುವುದನ್ನೇ ನೋಡುತ್ತಿದ್ದಳು.

"ರೀಡಿಂಗ್ ಅದ ಅಮ್ಮ," ಅಂದಳು. "ಕ್ವೀನ್ ಸ್ಟ್ರೀಟ್ ಹತ್ರ ಆ ಹಳೇ ಹಾಲ್ ಅದ ಅಲ್ಲ, ಅಲ್ಲಿ. ಓಲ್ಡ್ ಟೈಮ್ಸ್‌ನಾಗ ಮಾಡ್ತಿದ್ರಲ್ಲ, ಹಂಗ. ನಾ ಪ... ಪದ್ಯ ಹೇಳಾಕಿ."

"ಯಾರು, ನೀನಾ?" ಅಂದೆ. ಹಾಗೆ ಅನ್ನಬಾರದಿತ್ತು, ಆದರೆ ಬಾಯಿಂದ ಬಂದುಬಿಟ್ಟಿತು.

ಇವಳಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ. ಉಗ್ಗು ಎಂಬ ಪದವನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಬಂದವರು ಆಡಿದರೆ ಅವರಿಗೆ ಎರಡನೇ ಸಲ ಚಹಾ ಸಿಗುವುದಿಲ್ಲ. ಶಾಲೆಯ ದಿನಗಳಲ್ಲಿ ಒಂದು ಶಬ್ದಕ್ಕಾಗಿ ಅವಳು ಕಣ್ಣು ಮುಚ್ಚಿ, ದವಡೆ ಬಿಗಿದು, ತೊಡೆಗೆ ಬೆರಳು ಬಡಿಯುತ್ತ ನಿಂತರೆ ನನಗೆ ನೋಡಲಾಗುತ್ತಿರಲಿಲ್ಲ. ಅವಳು ಮೊದಲ ಅಕ್ಷರ ಹಿಡಿಯುವುದರೊಳಗೆ ನಾನು ಪೂರ್ತಿ ಮಾತು ಹೇಳಿ ಮುಗಿಸುತ್ತಿದ್ದೆ. ಹೆತ್ತವಳಿಗೆ ಮಗಳ ಹೊಟ್ಟೆಯೊಳಗಿನ ಮಾತು ತಿಳಿಯದೇ? ದೊಡ್ಡವಳಾದಂತೆ ಮಾತು ಸಡಿಲಾಯಿತು. ಈಗ ವಾನ್ ಊರಿನ ಒಂದು ಗೋದಾಮಿನ ಆಫೀಸಿನಲ್ಲಿ ಫೋನು ಎತ್ತುವ ಅಗತ್ಯವಿಲ್ಲದ ಕೆಲಸ ಹುಡುಕಿಕೊಂಡಿದ್ದಾಳೆ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ಅಲ್ಲಲ್ಲಿ ಎಡವುತ್ತ ಚೆನ್ನಾಗಿಯೇ ಹರಟುತ್ತಾಳೆ. ಇಷ್ಟು ಕಷ್ಟಪಟ್ಟು ಕೂಡಿಸಿಕೊಂಡ ಮಾತು ಜನರೆದುರು ಒಮ್ಮೆ ಸಿಕ್ಕಿಹಾಕಿಕೊಂಡು ಮತ್ತೆ ಹಿಂದಕ್ಕೆ ಹೋಗಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ಆ ಲಂಗ ನೋಡಿದ ಗಳಿಗೆಯಿಂದಲೇ ನನ್ನನ್ನು ಹಿಡಿಯಿತು.

"ಪದ್ಯದಾಗ ಸ್ಟಕ್ ಆಗಂಗಿಲ್ಲ," ಅಂದಳು, ನನ್ನ ಮುಖ ನೋಡಿ. "ಅದು ತಂತಾನ ಹೋಗ್ತದ."

ಅದು ನಿಜ. ಹಾಡಿನಲ್ಲಿ, ಪದ್ಯದಲ್ಲಿ ಅವಳ ನಾಲಿಗೆ ಎಂದೂ ತಡೆದದ್ದಿಲ್ಲ. ಹುಕ್ಕು ಬದಲಿಸಿ ಕೊಡುತ್ತೇನೆಂದು ಜಾಕೀಟನ್ನು ಅಂಗಡಿಗೆ ಒಯ್ದೆ.

ಮುಂದಿನ ವಾರ ತಾಲೀಮು ನೋಡುವುದಕ್ಕೆ ನಾನೂ ಹೋದೆ. ಅಳತೆ ನೋಡಬೇಕು ಎಂಬ ನೆವ ಇತ್ತು. ಹಳೆಯ ಊರಿನ ಚರಿತ್ರೆ ಕಾಯುವ ಒಂದು ಚಿಕ್ಕ ಸಂಘದವರು ವರ್ಷಕ್ಕೊಮ್ಮೆ ನಡೆಸುವ ಕಾರ್ಯಕ್ರಮ ಅದು. ಅದರ ಮುಖ್ಯಸ್ಥೆ, ಟೀಚರಾಗಿ ನಿವೃತ್ತಳಾದ ಎಂಬತ್ತರ ಆಸುಪಾಸಿನ ಬಿಳಿಯ ಅಜ್ಜಿ, ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು ಎಲ್ಲವನ್ನೂ ವಿವರಿಸಿದಳು. ಹತ್ತೊಂಬತ್ತನೇ ಶತಮಾನದಲ್ಲಿ ಈ ಕಡೆಯ ಊರುಗಳಲ್ಲಿ ಹೆಂಗಸರು ಪದ್ಯ ಹೇಳುತ್ತ ಊರೂರು ತಿರುಗುತ್ತಿದ್ದರಂತೆ. ನಾಟಕದಲ್ಲಿ ನಿಂತರೆ ಮಾನ ಹೋಯಿತು. ಚರ್ಚಿನ ಹಾಲಿನಲ್ಲಿ, ಪಾದ್ರಿಯ ಕಣ್ಣೆದುರಿಗೆ, ಕೊರಳವರೆಗೂ ಬಟ್ಟೆ ತೊಟ್ಟು ಪದ್ಯ ಹೇಳಿದರೆ ಮಾನ ಉಳಿಯಿತು. ರೈಲು ಇಳಿದು ಕುದುರೆಗಾಡಿ ಹತ್ತಿ, ಹಿಮದಲ್ಲಿ ಒಬ್ಬೊಬ್ಬರೇ ಬರುತ್ತಿದ್ದರು. ದುಃಖಕ್ಕೆ ಕೈ ಎಲ್ಲಿಡಬೇಕು, ಭಯಕ್ಕೆ ಕತ್ತು ಎಷ್ಟು ಹೊರಳಬೇಕು ಎಂದು ಹೇಳಿಕೊಡುವ ಪುಸ್ತಕಗಳಿದ್ದವಂತೆ. ಪೇಪರಿನವರು ಮರುದಿನ ದನಿಗಿಂತ ದಿರಿಸಿನ ಬಗ್ಗೆ ಹೆಚ್ಚು ಬರೆಯುತ್ತಿದ್ದರಂತೆ. ಅದೊಂದು ಇಂದಿಗೂ ಬದಲಾಗಿಲ್ಲ ಎಂದು ನಾನಂದೆ, ಅಜ್ಜಿ ನಕ್ಕಳು.

ಆಮೇಲೆ ಅವಳು ಈ ಹಾಲಿನ ಕತೆ ಹೇಳಿದಳು. ಅಂಥ ಒಬ್ಬ ಹೆಂಗಸು ಒಂದು ಚಳಿಗಾಲ ಇಲ್ಲಿಗೆ ಬಂದಿದ್ದಳು. ತಾನೇ ಕಟ್ಟಿದ ಪದ್ಯವೊಂದನ್ನು ಹೇಳಲು ನಿಂತಳು. ಹಿಮಗಾಳಿಯಲ್ಲಿ ಕೊಟ್ಟಿಗೆಗೂ ಮನೆಗೂ ನಡುವೆ ದಾರಿ ತಪ್ಪಿದ ಮಗು, ಬಾಗಿಲಲ್ಲಿ ದೀಪ ಹಿಡಿದು ಕೂಗುವ ತಾಯಿ. ಕೂಗಿ ಕೂಗಿ ಕೊನೆಗೆ ತಾಯಿ ‘ಕೇಳಿಸಿತು, ನನಗೆ ಕೇಳಿಸಿತು, ಅದು’ ಎನ್ನುತ್ತಾಳೆ. ಅಲ್ಲಿಗೆ ಬಂದು ಆ ಹೆಂಗಸು ನಿಂತುಬಿಟ್ಟಳು. ಬಾಯಿ ತೆರೆದೇ ಇತ್ತು, ಎತ್ತಿದ ಕೈ ಎತ್ತಿದಂತೆಯೇ ಇತ್ತು, ಮಾತು ಬರಲಿಲ್ಲ. ಜನ ಕೆಮ್ಮಿದರು, ಮಿಸುಕಾಡಿದರು. ಅವಳ ಮರ್ಯಾದೆ ಉಳಿಯಲೆಂದು ಚರ್ಚಿನ ಹಿರಿಯರೊಬ್ಬರು ದೀಪ ಆರಿಸಿದರು, ಎಲ್ಲರೂ ಕೆಳಗಿಳಿದು ಚಹಾ ಕುಡಿದರು. ಅವಳು ಮತ್ತೆಂದೂ ಎಲ್ಲಿಯೂ ಪದ್ಯ ಹೇಳಲಿಲ್ಲವಂತೆ. ಪದ್ಯದ ಕೊನೆ ಯಾರಿಗೂ ಗೊತ್ತಿಲ್ಲ. ಅಲ್ಲಿಯವರೆಗಿನದು ಕೇಳಿದವರ ಬಾಯಿಂದ ಬಾಯಿಗೆ ಉಳಿದು ಬಂದಿದೆ. ಸಂಘದವರು ಪ್ರತಿ ವರ್ಷ ಅದನ್ನು ಅದೇ ಜಾಗಕ್ಕೆ ನಿಲ್ಲಿಸುತ್ತಾರೆ, ದೀಪ ಆರಿಸುತ್ತಾರೆ, ಕೆಳಗೆ ಚಹಾ ಮತ್ತು ಬಟರ್ ಟಾರ್ಟ್ ಎಂಬ ಸಿಹಿ ಕೊಡುತ್ತಾರೆ. ಜನಕ್ಕೆ ಮೈ ಜುಂ ಎನ್ನುತ್ತದೆ, ಅದಕ್ಕೇ ಬರುತ್ತಾರೆ ಎಂದಳು ಅಜ್ಜಿ. ಹಿಂದಿನ ವರ್ಷ ಹೇಳಿದಾಕೆ ಈ ಸಲ ಒಲ್ಲೆ ಅಂದಿದ್ದಳಂತೆ. ಕಾರಣ ಕೇಳಿದರೆ ಕತ್ತಲಲ್ಲಿ ಅಲ್ಲಿ ನಿಲ್ಲುವುದು ತನಗೆ ಸೇರುವುದಿಲ್ಲ ಎಂದಳಂತೆ.

ಇದು ನಡೆಯಬಾರದ್ದು ಅನ್ನಿಸಿತು ನನಗೆ. ಯಾಕೆಂದು ಹೇಳುವುದಕ್ಕೆ ನನ್ನ ಅಜ್ಜಿಯ ಸಂಗತಿ ಹೇಳಬೇಕು.

ಧಾರವಾಡದಲ್ಲಿ ನನ್ನ ಅಜ್ಜಿ ಶ್ರಾವಣದ ಮಧ್ಯಾಹ್ನಗಳಲ್ಲಿ ಓಣಿಯ ಹೆಂಗಸರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು ರಾಗವಾಗಿ ಕಾವ್ಯ ಓದುತ್ತಿದ್ದಳು. ಗಂಡಸರು ಹೊರಗೆ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು, ಕೇಳದವರಂತೆ ಕೇಳುತ್ತಿದ್ದರು. ಆ ಓದಿಗೆ ಕಟ್ಟಳೆಗಳಿದ್ದವು. ಸಾವಿನ ಪದ್ಯಕ್ಕೆ ಪುಸ್ತಕ ಮುಚ್ಚಬಾರದು, ಒಳ್ಳೆಯ ಮಾತು ಬರುವವರೆಗೂ ಓದಬೇಕು. ಪದ್ಯವನ್ನಂತೂ ನಡುವೆ ಕಡಿಯಲೇಬಾರದು, ಬಾಗಿಲಿಗೆ ಯಾರೇ ಬಂದಿರಲಿ. ಓದುವವಳಿಗೆ ಕೆಮ್ಮು ಬಂದರೆ, ಅಳು ಒತ್ತಿ ಬಂದರೆ, ಪಕ್ಕದಲ್ಲಿ ಕೂತವಳು ಸಾಲನ್ನು ಎತ್ತಿಕೊಂಡು ಮುಗಿಸಬೇಕು. ಮುಗಿಯದ ಸಾಲು ಮನೆಯೊಳಗೆ ಉಳಿದರೆ ಅದು ಬಾಯಿ ಹುಡುಕುತ್ತದೆ ಎನ್ನುತ್ತಿದ್ದಳು ಅಜ್ಜಿ. ಆಗ ನಾನು ನಗುತ್ತಿದ್ದೆ. ಇಲ್ಲಿ ಈ ಜನ ಸಾವಿನ ಪದ್ಯವನ್ನು, ಅದೂ ಅರ್ಧ ಸಾಲಿಗೆ, ವರ್ಷ ವರ್ಷವೂ ಬೇಕೆಂದೇ ಕಡಿದು, ಮೇಲೆ ಸಿಹಿ ತಿನ್ನುತ್ತಾರೆ. ಬಾಯಿ ತಡೆಯುವ ನನ್ನ ಮಗಳನ್ನು ಆ ಜಾಗದಲ್ಲಿ ನಿಲ್ಲಿಸುತ್ತಾರೆ.

ತಾಲೀಮು ಶುರುವಾಯಿತು. ಮಗಳ ದನಿ ಹಾಲಿನ ಮೂಲೆ ಮೂಲೆಗೂ ಹೋಯಿತು. ಒಂದು ಶಬ್ದವೂ ಎಡವಲಿಲ್ಲ. ನನಗೆ ಹೆಮ್ಮೆಯಾಯಿತು, ಅದನ್ನು ಯಾಕೆ ಮುಚ್ಚಿಡಲಿ. ಆಮೇಲೆ ಆ ಸಾಲಿಗೆ ಬಂದಳು, ಕೈ ಎತ್ತಿದಳು, ನಿಂತಳು. ಅದೇ ಹೊತ್ತಿಗೆ ಅಷ್ಟು ಹೊತ್ತೂ ಗುಂಯ್‌ಗುಡುತ್ತಿದ್ದ ಹೀಟಿಂಗ್ ಕೂಡ ನಿಂತಿತು. ಈ ಕಟ್ಟಡದ ಬಾಯ್ಲರು ಹಾಗೆಯೇ, ಅದಕ್ಕೂ ಪದ್ಯ ಬಾಯಿಪಾಠವಾಗಿದೆ ಎಂದು ಮುಖ್ಯಸ್ಥೆ ಪಿಸುಗುಟ್ಟಿದಳು. ನನಗೆ ನಗು ಬರಲಿಲ್ಲ. ಹಾಲಿನಲ್ಲಿ ಉಳಿದದ್ದು ಬರಿಯ ಸದ್ದಿಲ್ಲದಿರುವಿಕೆ ಅಲ್ಲ, ಯಾರೋ ಮಾತಾಡಲಿದ್ದಾರೆ ಎಂದು ಎಲ್ಲರೂ ಸುಮ್ಮನಾದಾಗ ಇರುವಂಥದ್ದು. ಅಲ್ಲಿದ್ದವರು ನಾವು ಮೂರೇ ಜನ.

"ನಡುವ ಯಾಕ ನಿಲ್ಲಸ್ತಿ? ಒಂದೆರಡು ಸಾಲು ನೀನ ಕಟ್ಟಿ ಮುಗಸಬಾರದ?" ಎಂದು ಬರುವಾಗ ಕಾರಿನಲ್ಲಿ ಕೇಳಿದೆ.

"ಅದು ಆಕಿದು ಅಮ್ಮ. ನಂದಲ್ಲ," ಅಂದಳು.

ಅದಾದ ಮೇಲೆ ಅವಳು ಮನೆಯಲ್ಲಿಯೂ ಹಾಗೆ ತಟಕ್ಕನೆ ನಿಲ್ಲತೊಡಗಿದಳು. ಊಟದ ನಡುವೆ, ಮಾತಿನ ನಡುವೆ, ಚಮಚ ಬಾಯಿಯ ಹತ್ತಿರ ಇರುವಂತೆಯೇ ನಿಂತುಬಿಡುವಳು. ಚಿಕ್ಕಂದಿನ ಹಾಗಲ್ಲ. ಆಗ ದವಡೆ ಬಿಗಿಯುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ಇಡೀ ಮೈ ಆ ಶಬ್ದದ ಜೊತೆ ಗುದ್ದಾಡುತ್ತಿತ್ತು. ಈಗ ಮುಖ ಶಾಂತವಾಗಿರುತ್ತಿತ್ತು. ಪಕ್ಕದ ಕೋಣೆಯಲ್ಲಿ ಯಾರೋ ಏನೋ ಹೇಳುತ್ತಿದ್ದಾರೆ, ಸರಿಯಾಗಿ ಕೇಳಿಸುತ್ತಿಲ್ಲ, ಅದಕ್ಕೆ ಕಿವಿಗೊಟ್ಟ ಹಾಗೆ. ಒಂದು ದಿನ ಸಾರು ಬಡಿಸುವಾಗ ಹೀಗೆಯೇ ಆಯಿತು.

"ಅಮ್ಮ, ಇವತ್ತ ಆಫೀಸ್‌ನಾಗ ನಾ..." ಎಂದು ನಿಂತಳು.

"ಲೇಟಾತು? ಬಾಸ್ ಏನರ ಅಂದ್ಲು?" ಎಂದು ನಾನು ಎತ್ತಿಕೊಂಡೆ.

ನಿದ್ದೆಯಿಂದ ಎಬ್ಬಿಸಿದವರನ್ನು ನೋಡುವಂತೆ ನನ್ನನ್ನು ನೋಡಿದಳು. ಉಳಿದ ಮಾತು ಹೇಳಲಿಲ್ಲ, ತಟ್ಟೆ ಎತ್ತಿಕೊಂಡು ಎದ್ದಳು.

ನನ್ನ ಗಂಡ ಮೈಸೂರಿನವರು, ಯಾವುದಕ್ಕೂ ಗಾಬರಿಯಾಗದಿರುವುದೇ ದೊಡ್ಡತನ ಎಂದು ತಿಳಿದವರು. "ಪ್ರಾಕ್ಟೀಸ್ ಮಾಡ್ತಿದಾಳೆ ಬಿಡೆ," ಅಂದರು. "ಆ್ಯಕ್ಟರ್ಸೆಲ್ಲ ಹಾಗೇನೆ, ಪಾತ್ರದೊಳಗೇ ಇರ್ತಾರೆ."

"ಪಾತ್ರದಾಗ ಇರ್ಲಿ. ಪಾತ್ರ ಇಕಿಯೊಳಗ ಇರೂದು ಬ್ಯಾಡ," ಅಂದೆ.

ಅವರು ನಕ್ಕರು. ಗೋಡೆಗೆ ಹೇಳಿದರೂ ಒಂದೇ, ಇವರಿಗೆ ಹೇಳಿದರೂ ಒಂದೇ. ನನಗೆ ಒಳಗೊಳಗೇ ಬೇರೆ ಇನ್ನೊಂದು ಹೆದರಿಕೆ ಶುರುವಾಗಿತ್ತು, ಅದನ್ನು ಅವರಿಗೆ ಹೇಳಲೇ ಇಲ್ಲ. ಅಂಗಡಿಯಲ್ಲಿ ಮಿಷಿನ್ ತುಳಿಯುವಾಗ ಆ ಪದ್ಯ ನನ್ನ ತಲೆಯಲ್ಲಿ ಓಡತೊಡಗಿತ್ತು, ಅದೂ ಇಂಗ್ಲಿಷಿನಲ್ಲಿ, ಒಂದೇ ಸಲ ಕೇಳಿದ್ದ ನನಗೆ ಬಾಯಿಪಾಠ ಬರಲು ಸಾಧ್ಯವೇ ಇಲ್ಲದ ಪದ್ಯ. ಓಡಿ ಓಡಿ ಆ ‘ಅದು’ ಎಂಬಲ್ಲಿ ನಿಲ್ಲುತ್ತಿತ್ತು. ನನ್ನ ಕಾಲೂ ತುಳಿಯುವುದನ್ನು ನಿಲ್ಲಿಸುತ್ತಿತ್ತು. ಒಮ್ಮೆ ಕೌಂಟರಿನ ಗಿರಾಕಿ ಹಲೋ, ಹಲೋ ಎಂದು ಕೂಗಿ ನನ್ನನ್ನು ಎಚ್ಚರಿಸಬೇಕಾಯಿತು.

ಬೇಡವೆನ್ನು, ಬೇರೆ ಯಾರಾದರೂ ಹೇಳಲಿ ಎಂದು ಮಗಳಿಗೆ ಹೇಳಿ ನೋಡಿದೆ. ಅವಳು ಜಗಳಾಡಲಿಲ್ಲ. ಈ ಜಾಕೀಟಿನ ಕೊರಳು ಬಿಗಿಯಾಗುತ್ತದೆ, ಸ್ವಲ್ಪ ಸಡಿಲ ಮಾಡಿಕೊಡು ಎಂದಷ್ಟೇ ಹೇಳಿದಳು. ನಾನು ಹಚ್ಚಿದ್ದ ಹೊಸ ಹುಕ್ಕುಗಳನ್ನು ಸರಿಸಿ, ಕೊರಳನ್ನು ಎರಡು ಬೆರಳು ಹಿಡಿಯುವಷ್ಟು ಸಡಿಲ ಮಾಡಿಕೊಟ್ಟೆ. ತೊಡಿಸಿ ನೋಡಿದರೆ ಮೊದಲಿನಷ್ಟೇ ಬಿಗಿ. ಬಟ್ಟೆಯ ವಿಷಯದಲ್ಲಿ ನನಗೆ ತಪ್ಪುವುದಿಲ್ಲ, ಆದರೂ ನಾನೇ ತಪ್ಪಿದೆ ಎಂದುಕೊಂಡು ಇನ್ನೊಂದಿಷ್ಟು ಬಿಚ್ಚಿದೆ.

ಕಾರ್ಯಕ್ರಮ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ. ಇಲ್ಲಿಯ ಪದ್ಧತಿಯಂತೆ ಚಳಿಗಾಲಕ್ಕೆಂದು ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಚಹಾದ ಹೊತ್ತಿಗೇ ಕತ್ತಲೆ. ಹಾಲ್ ಜನರಿಂದ ತುಂಬಿತ್ತು. ನಾನು ಇಳಕಲ್ ಸೀರೆ ಉಟ್ಟು, ಮೇಲೆ ಉಬ್ಬುಬ್ಬಾದ ಚಳಿ ಕೋಟು ಹಾಕಿಕೊಂಡು ಮೂರನೇ ಸಾಲಿನಲ್ಲಿ ಗಂಡನ ಪಕ್ಕದಲ್ಲಿ ಕೂತಿದ್ದೆ. ವೇದಿಕೆಯ ಮೇಲೆ ಒಂದು ಮೇಜು, ಮೇಜಿನ ಮೇಲೆ ಹಳೆಯ ಕಾಲದ್ದರಂತೆ ಕಾಣುವ ಬ್ಯಾಟರಿ ದೀಪ, ಅದರ ಪಕ್ಕದಲ್ಲಿ ನನ್ನ ಮಗಳು. ಕರಿಯ ಲಂಗದಲ್ಲಿ ಅವಳು ನಾನು ಹೆತ್ತವಳಂತೆ ಕಾಣಲಿಲ್ಲ. ಎತ್ತರವಾಗಿ ಕಂಡಳು, ವಯಸ್ಸಾದವಳಂತೆ ಕಂಡಳು.

ಪದ್ಯ ಶುರುವಾದ ಮೇಲೆ ಯಾರೂ ಕೆಮ್ಮಲಿಲ್ಲ. ಗಾಳಿ ಬಂತು, ಹಿಮ ಬಂತು, ತಾಯಿ ಬಾಗಿಲು ತೆಗೆದಳು. ಮಗಳು ಆ ಹಳೆಯ ಪುಸ್ತಕಗಳಲ್ಲಿ ಹೇಳಿದ ಹಾಗೆ ಎದೆಗೆ, ಹಣೆಗೆ ಕೈ ಒಯ್ದಳು. ಅದನ್ನು ತಾಲೀಮಿನಲ್ಲಿ ನೋಡಿದಾಗ ಬೊಂಬೆಯಾಟ ಅನ್ನಿಸಿತ್ತು, ಈಗ ಅನ್ನಿಸಲಿಲ್ಲ. ಕೊನೆಗೆ ಕೈ ಎತ್ತಿ, ಕೇಳಿಸಿತು, ನನಗೆ ಕೇಳಿಸಿತು, ಅದು, ಎಂದು ನಿಂತಳು. ಹೀಟಿಂಗ್ ನಿಂತಿತು. ಮುಖ್ಯಸ್ಥೆ ದೀಪ ಆರಿಸಿದಳು, ಹಿಂದೆ ಯಾರೋ ಉಳಿದ ಲೈಟುಗಳನ್ನೂ ಆರಿಸಿದರು.

ಕತ್ತಲಾಗುವ ಮುಂಚಿನ ಗಳಿಗೆಯಲ್ಲಿ ನಾನು ಅವಳ ಬಾಯಿ ನೋಡಿದ್ದೆ. ತೆರೆದೇ ಇತ್ತು. ಗಂಟಲಿನ ನರ ಉಬ್ಬಿ ಕೊರಳಪಟ್ಟಿಯ ಮೇಲೆ ಹೊಡೆದುಕೊಳ್ಳುತ್ತಿತ್ತು. ಅದು ನಟನೆಯಲ್ಲ. ನನ್ನ ಮಗಳ ಮಾತು ಸಿಕ್ಕಿಕೊಂಡಿತ್ತು, ಕತ್ತಲಲ್ಲಿ ಅವಳು ಒಬ್ಬಳೇ ನಿಂತಿದ್ದಳು, ಇನ್ನೊಂದು ನಿಮಿಷಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿ ಅವಳನ್ನು ಹಾಗೆಯೇ ಬಿಟ್ಟು ಕೆಳಗಿಳಿಯುವವರಿದ್ದರು. ನಾನು ಎದ್ದು ನಿಂತೆ. ನನ್ನವರು ಕೋಟು ಜಗ್ಗಿ "ಕೂತ್ಕೊಳ್ಳೇ" ಅಂದದ್ದು ಕೇಳಿಸಿತು, ಕೂರಲಿಲ್ಲ. ಸಾಲನ್ನು ಎತ್ತಿಕೊಂಡೆ. ನನ್ನ ಅಜ್ಜಿಯ ರಾಗದಲ್ಲಿ, ಕನ್ನಡದಲ್ಲಿ, ಬಾಯಿಗೆ ಬಂದದ್ದನ್ನು ಹಾಡಿದೆ.

ಬಂದನದೊ ಮನೆಮಗನು ಹಿಮದಲಿ
ಮಿಂದ ಮೈಯಲಿ ನಗುತ ಬಾಗಿಲ
ಹಿಂದೆ ನಿಂತಿಹ ತಾಯ ಸೆರಗನು ಹಿಡಿದುಕೊಂಡನು ತಾ

ಹಾಡು ಮುಗಿಯಿತು. ಲೈಟು ಬಂತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಖ್ಯಸ್ಥೆ ಕಣ್ಣು ಒರೆಸಿಕೊಳ್ಳುತ್ತ ಬಂದು ನನ್ನ ಎರಡೂ ಕೈ ಹಿಡಿದು, ಎಷ್ಟು ಚೆಂದ, ಎಷ್ಟು ಅನಿರೀಕ್ಷಿತ, ಮುಂದಿನ ವರ್ಷದಿಂದ ಇದನ್ನೂ ಸೇರಿಸೋಣ ಎಂದಳು. ನಮ್ಮ ಹುಚ್ಚೂ ಇವರಿಗೆ ಕಾರ್ಯಕ್ರಮವೇ. ನಾನು ಅವಳ ಹೆಗಲ ಮೇಲಿಂದ ವೇದಿಕೆ ನೋಡಿದೆ. ಅಲ್ಲಿ ಮಗಳು ಇರಲಿಲ್ಲ.

ಪಾರ್ಕಿಂಗಿನಲ್ಲಿ, ಕಾರಿನೊಳಗೆ, ಅದೇ ಬಟ್ಟೆಯಲ್ಲಿ ಕೂತಿದ್ದಳು. ಕೊರಳಿನ ಹುಕ್ಕುಗಳೆಲ್ಲ ಬಿಚ್ಚಿದ್ದವು. ಗಂಡನನ್ನು ಟಾರ್ಟ್ ತಿನ್ನಲು ಕಳಿಸಿ ನಾನು ಅವಳ ಪಕ್ಕದಲ್ಲಿ ಕೂತು ಬಾಗಿಲು ಹಾಕಿಕೊಂಡೆ.

"ವೈ?" ಅಂದಳು.

"ನೀ ಸಿಕ್ಕೊಂಡಿದ್ದಿ. ನಾ ನೋಡ್ಲಿಲ್ಲೇನು?"

"ನಾ ಅಲ್ಲ ಅಮ್ಮ." ಅವಳು ಗಂಟಲಿನ ಮೇಲೆ ಬೆರಳಿಟ್ಟುಕೊಂಡಳು. "ನಂದು ಹಿಂಗಿರಂಗಿಲ್ಲ. ನಂದು ಇಲ್ಲಿ, ದವಡಿಯಾಗ ಬರ್ತದ. ಇದು ಕೆಳಗ ಅದ, ಡೀಪ್ ಡೌನ್. ಅಲ್ಲಿ ನಿಂತಾಗ ಮಾತ್ರ ಬರ್ತದ. ಇಟ್ಸ್ ಹರ್ ಬ್ಲಾಕ್. ಈ ತಡಿಯೂದು ನಂದಲ್ಲ, ಆಕಿದು."

ಹೊರಗೆ ಹಿಮ ಇರಲಿಲ್ಲ, ಬರಿಯ ಗಾಳಿ.

"ಯಾರದು?"

"ಯು ನೋ ಹೂ. ಆಕಿಗೂ ನನ್ನ ಹಂಗ ಇತ್ತು. ಅಷ್ಟ. ಹೆದರಿಕಿ ಅಲ್ಲ, ಮರ್ತದ್ದೂ ಅಲ್ಲ. ಪದ್ಯದಾಗ ಬರಂಗಿಲ್ಲಂತ ಆಕಿನೂ ಅನ್ಕೊಂಡಿದ್ಲು. ಆ ದಿನ ಬಂತು. ಜನ ಇನ್ನೊಂದೀಟು ಕಾದಿದ್ರ ಹೇಳ್ತಿದ್ಲು. ಅವ್ರು ದೀಪ ಆರ್ಸಿ ಚಹಾ ಕುಡೀಲಿಕ್ಕೆ ಹೋದ್ರು. ಪ್ರತಿ ವರ್ಷ ಅದನ್ನ ಮಾಡ್ತಾರ. ಎವ್ರಿ ಇಯರ್ ಆಕಿ ಹೇಳ್ಲಿಕ್ಕೆ ಬರ್ತಾಳ, ಎವ್ರಿ ಇಯರ್ ಲೈಟ್ ಆಫ್. ಈ ಸಲ ನಾ ವೇಟ್ ಮಾಡಾಕಿ ಇದ್ದೆ. ಎಷ್ಟ ಹೊತ್ತಾದ್ರೂ. ಬಾಯಿ ತಗದು ನಿಂತಿದ್ದೆ ಆಕಿ ಸಲುವಾಗಿ. ಶಿ ವಾಸ್ ಆಲ್ಮೋಸ್ಟ್ ದೇರ್. ಅಷ್ಟ್ರಾಗ ನೀ ಹಾಡಿದಿ."

ನಾನು ಸುಮ್ಮನಿರುವ ಜಾತಿಯವಳಲ್ಲ. ಸಾಲು ಬಿಡಬಾರದು, ಹಿಂದಿನಿಂದಲೂ ನಡೆದು ಬಂದ ಪದ್ಧತಿ, ನಿನ್ನ ಸಲುವಾಗಿಯೇ ಎತ್ತಿಕೊಂಡೆ ಎಂದು ಏರಿದ ದನಿಯಲ್ಲಿ ಹೇಳಿದೆ.

"ನನಗ ಗೊತ್ತದ," ಅಂದಳು ಮೆಲ್ಲಗೆ. "ಚಿಕ್ಕಂದಿನಿಂದ ನೀ ಎತ್ಕೋತಿ. ನಂದು ಒಂದೂ ಸಾಲು ನನಗ ಬಿಟ್ಟಿಲ್ಲ."

ಸಿಟ್ಟು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ನುಂಗಿಕೊಂಡೆ. ಮಗಳು ಕಾರಿನ ಬಾಗಿಲು ತೆಗೆದಳು. ಮತ್ತೆ ಒಳಗೆ ಹೋಗುತ್ತೇನೆ, ನೀನೂ ಬರುವುದಾದರೆ ಬಾ, ಆದರೆ ಮಾತಾಡಬೇಡ ಎಂದಳು.

ಜನವೆಲ್ಲ ಕೆಳಗಿನ ಕೋಣೆಯಲ್ಲಿದ್ದರು. ಮೇಲಿನ ಹಾಲಿನಲ್ಲಿ ಕುರ್ಚಿಗಳು ಅಡ್ಡಾದಿಡ್ಡಿಯಾಗಿ ಉಳಿದಿದ್ದವು. ಮಗಳು ಲೈಟು ಹಾಕಲಿಲ್ಲ. ವೇದಿಕೆಯ ಮೇಲಿನ ಬ್ಯಾಟರಿ ದೀಪವನ್ನಷ್ಟೇ ಹೊತ್ತಿಸಿ ಕೆಳಗಿಳಿದು ಬಂದು ಮುಂದಿನ ಸಾಲಿನಲ್ಲಿ ಕೂತಳು. ನಾನು ಅವಳ ಪಕ್ಕದಲ್ಲಿ ಕೂತೆ. ವೇದಿಕೆಯ ಮೇಲೆ ಮೇಜು, ದೀಪ, ಅದರ ಪಕ್ಕದ ಖಾಲಿ ಜಾಗ. ಕೆಳಗಿನಿಂದ ಕಪ್ಪು ಬಸಿಗಳ ಸದ್ದು, ನನ್ನವರ ನಗು ಕೇಳುತ್ತಿತ್ತು. ಮಗಳು ಪದ್ಯ ಹೇಳಲಿಲ್ಲ. ಆ ಕೊನೆಯ ಸಾಲನ್ನು ಮಾತ್ರ, ಪಕ್ಕದವರಿಗೆ ಜಾಗ ಬಿಟ್ಟುಕೊಡುವಂತೆ ಮೆಲ್ಲಗೆ, ಆ ‘ಅದು’ ಎಂಬುದರವರೆಗೆ ಹೇಳಿ ಬಾಯಿ ಮುಚ್ಚಿಕೊಂಡಳು.

ಹೀಟಿಂಗ್ ನಿಂತಿತು. ಆಮೇಲೆ ಕೆಳಗಿನ ಕಪ್ಪುಗಳ ಸದ್ದೂ ಕೇಳಿಸದಾಯಿತು. ಅದು ಹೇಗೆ ನಿಂತಿತೋ ನನಗೆ ಗೊತ್ತಿಲ್ಲ.

ಆಗ ಒಂದು ಉಸಿರು ಕೇಳಿಸಿತು. ಮಾತಾಡುವವರು ಮಾತಿಗೆ ಮುಂಚೆ ಒಳಕ್ಕೆ ಎಳೆದುಕೊಳ್ಳುವ ಉಸಿರು. ಅದು ಬಂದದ್ದು ನಮ್ಮ ಸಾಲಿನಿಂದಲ್ಲ, ಎದುರಿನಿಂದ. ನಾನು ಮಗಳ ಕಡೆ ತಿರುಗಿದೆ. ಅವಳ ತುಟಿಗಳು ಕೂಡಿಯೇ ಇದ್ದವು. ಎಳೆದ ಉಸಿರು ಹೊರಗೆ ಬರಲಿಲ್ಲ, ಅಲ್ಲಿಯೇ ನಿಂತಿತು. ಎಷ್ಟು ಹೊತ್ತು ನಿಂತಿತೋ, ನನ್ನ ಎದೆಯೂ ಅದರ ಜೊತೆ ಬಿಗಿಯಿತು. ನಾಲಿಗೆಯ ತುದಿಗೆ ಹತ್ತಾರು ಸಾಲು ಬಂದು ನಿಂತವು. ಮಗ ಬಂದ, ಬರಲಿಲ್ಲ, ಗಾಳಿ, ನರಿ, ದೇವರು, ಏನು ಬೇಕಾದರೂ ಹೇಳಿ ಆ ಉಸಿರನ್ನು ಬಿಡಿಸಬೇಕು ಅನ್ನಿಸಿತು. ಮಗಳು ನನ್ನ ಕೈ ಮೇಲೆ ಕೈಯಿಟ್ಟು ಅದುಮಿದಳು. ನಾನು ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಕೂತೆ. ನನ್ನ ಆಯುಷ್ಯದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿದ ನೆನಪಿಲ್ಲ.

ಹೀಟಿಂಗ್ ಮತ್ತೆ ಗುಂಯ್ ಎಂದಿತು. ಕೆಳಗೆ ಯಾರೋ ನಕ್ಕರು, ಕಪ್ಪು ಸದ್ದಾಯಿತು. ನನಗೆ ಬೇರೇನೂ ಕೇಳಿಸಲಿಲ್ಲ, ಇದನ್ನು ಇದ್ದದ್ದು ಇದ್ದಂತೆ ಹೇಳುತ್ತಿದ್ದೇನೆ. ಆದರೆ ಮಗಳ ಕೆನ್ನೆ ಒದ್ದೆಯಾಗಿತ್ತು. ನನ್ನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು.

"ಆ..." ಎಂದಳು. ತಡೆಯಿತು. ಕಣ್ಣು ಮುಚ್ಚಿತು, ದವಡೆ ಬಿಗಿಯಿತು, ಬೆರಳು ತೊಡೆಗೆ ಬಡಿಯತೊಡಗಿತು. ಶಾಲೆಯ ದಿನಗಳಲ್ಲಿ ನೋಡಿದ್ದ ಅದೇ ಮುಖ. ಅವಳು ಏನು ಹೇಳಹೊರಟಿದ್ದಾಳೆ ಎಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಇಡೀ ಮಾತು ನನ್ನ ಬಾಯಲ್ಲಿ ತಯಾರಾಗಿತ್ತು. ಅದನ್ನು ಹೇಳದೆ ಕೂತೆ. "ಆ... ಆ..." ಎಂದಳು. ನಾನು ಅವಳ ಮುಖ ನೋಡುತ್ತ ಕೂತೇ ಇದ್ದೆ.

"ಆಕಿ ಹೇಳಿ ಮುಗಸಿದ್ಲು," ಅಂದಳು.

ನಾನು ಅವಳ ಪರವಾಗಿ ಬಾಯಲ್ಲಿ ಹಿಡಿದುಕೊಂಡಿದ್ದದ್ದು ‘ಅಮ್ಮ, ನಡಿ, ಮನಿಗೆ ಹೋಗೂಣು’ ಎಂಬ ಮಾತು.